ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಚುನಾವಣೆ

ನಾನು ಜೀವಮಾನದಲ್ಲಿ ಒಂದೇ ಒಂದು ಚುನಾವಣೆಗೆ ನಿಂತಿದ್ದೇನೆ, ಅದೂ ಕತಾರಿನಲ್ಲಿ. ಅಲ್ಲಿ ನಮ್ಮಂಥವರಿಗೆ ಓಟು ಹಾಕುವ ಭಾಗ್ಯ ಇದ್ದದ್ದು ನಮ್ಮ ಕನ್ನಡದವರ ಸಂಘದಲ್ಲಿ ಮಾತ್ರ. ಅಲ್ಲೂ ಒಂಬತ್ತು ವರ್ಷ ಒಬ್ಬರೇ ಅಧ್ಯಕ್ಷರು. ಪ್ರತಿ ಸಲ ಯಾರೋ ಎದ್ದು "ಹಿರಿಯರೇ ಮುಂದುವರಿಯಲಿ" ಅನ್ನುವುದು, ಎಲ್ಲರೂ ಚಪ್ಪಾಳೆ ತಟ್ಟುವುದು, ಆಮೇಲೆ ಉಪ್ಪಿಟ್ಟು, ಕೇಸರಿಬಾತು. ಎರಡು ಸಾವಿರದ ಐದೋ ಆರೋ ಇಸವಿಯಲ್ಲಿ ಆ ಹಿರಿಯರಿಗೆ ನಿವೃತ್ತಿಯಾಗಿ, ಅವರು ಗಂಟುಮೂಟೆ ಕಟ್ಟಿ ಊರಿಗೆ ಹೊರಟರು. ಕುರ್ಚಿ ಖಾಲಿಯಾಯಿತು.

ನನಗೆ ಆ ಕುರ್ಚಿ ಬೇಕಿತ್ತು. ಸೇವೆ ಮಾಡುವ ಆಸೆ ಅಂತ ಆಗ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ, ಅದು ಸುಳ್ಳು. ಆರು ವರ್ಷ ಕಾರ್ಯದರ್ಶಿಯಾಗಿದ್ದೆ. ಕುರ್ಚಿ ಜೋಡಿಸಿದ್ದೆ, ಮೈಕಿಗೆ ಹಲೋ ಹಲೋ ಹೇಳಿದ್ದೆ, ಅತಿಥಿಗಳಿಗೆ ಶಾಲು ಹೊದಿಸುವಾಗ ತಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ. ಕಂಪನಿಯಲ್ಲಿ ನನ್ನ ಕೆಲಸ ಬೇರೆಯವರ ನಕ್ಷೆಗಳಿಗೂ ಕಾಗದಗಳಿಗೂ ನಂಬರು ಹಾಕಿ ಜೋಡಿಸಿಡುವುದು. ಹನ್ನೊಂದು ವರ್ಷದಲ್ಲಿ ನನ್ನ ಮೇಲಿನ ಸಾಹೇಬರಿಗೆ ನನ್ನ ಹೆಸರು ಸರಿಯಾಗಿ ಉಚ್ಚರಿಸಲು ಬಂದಿರಲಿಲ್ಲ. ಎಲ್ಲಾದರೂ ಒಂದು ಕಡೆ ಜನ ನಾನು ಬಂದಾಗ ಎದ್ದು ನಿಲ್ಲಲಿ ಅನ್ನಿಸಿದ್ದರೆ ಅದರಲ್ಲಿ ತಪ್ಪೇನು?

ಚಪ್ಪಾಳೆಯಲ್ಲೇ ಮುಗಿಯುತ್ತದೆ ಅಂದುಕೊಂಡಿದ್ದೆ. ಆದರೆ ಇನ್ನೊಬ್ಬರೂ ಅರ್ಜಿ ಹಾಕಿದರು. ಅವರು ಕರಾವಳಿ ಕಡೆಯವರು, ದೋಹಾದಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ದೊಡ್ಡ ಅಂಗಡಿ, ಅಲ್ಲೇ ಮದೀನತ್ ಖಲೀಫಾ ಬಡಾವಣೆಯಲ್ಲಿ ಬಾಡಿಗೆ ವಿಲ್ಲಾ. ಒಳ್ಳೆಯ ಮನುಷ್ಯ ಅಂತ ಎಲ್ಲರೂ ಹೇಳುತ್ತಿದ್ದರು. ಎಲ್ಲರೂ ಒಳ್ಳೆಯವನು ಅನ್ನುವವನನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಅಲ್ಲಿಂದ ಸಂಘ ಎರಡು ಭಾಗವಾಯಿತು. ಬೆಂಗಳೂರು-ಮೈಸೂರು ಕಡೆಯ ಆಫೀಸಿನವರು ನನ್ನ ಹಿಂದೆ, ಕರಾವಳಿಯ ಅಂಗಡಿ, ಹೋಟೆಲು, ಗ್ಯಾರೇಜಿನವರು ಅವರ ಹಿಂದೆ. ಯಾರೂ ಬಾಯಿಬಿಟ್ಟು ಹೀಗೆ ಹೇಳುತ್ತಿರಲಿಲ್ಲ. ಎದುರು ಸಿಕ್ಕರೆ "ಯಾರು ಬಂದರೂ ನಮ್ಮವರೇ" ಅನ್ನುತ್ತಿದ್ದರು.

ಲೆಕ್ಕಕ್ಕೆ ಸಿಗದೆ ಉಳಿದದ್ದು ದೋಹಾದಿಂದ ಐವತ್ತು ಕಿಲೋಮೀಟರು ದೂರದ ಅಲ್ ಖೋರ್. ನಾನು ಇದ್ದದ್ದು ಅಲ್ಲೇ, ಕಂಪನಿಯ ಫ್ಯಾಮಿಲಿ ಕ್ವಾರ್ಟರ್ಸಿನಲ್ಲಿ. ಹತ್ತಿರದಲ್ಲೇ, ಸಂಸಾರ ಊರಲ್ಲಿ ಬಿಟ್ಟು ಬಂದವರಿಗೆ ಕೊಡುವ ಬ್ಯಾಚುಲರ್ ಬ್ಲಾಕುಗಳಲ್ಲಿ ಸಂಘದ ಸದಸ್ಯರು ಮೂವತ್ತೊಂದು ಜನ ಇದ್ದರು. ವೆಲ್ಡರು, ಫಿಟ್ಟರು, ಟೆಕ್ನಿಷಿಯನ್ನುಗಳು. ಹೆಚ್ಚುಕಡಿಮೆ ಎಲ್ಲರೂ ತುಳು ಮಾತಾಡುವವರು. ಇವರು ಯಾವ ಕಡೆ ವಾಲುತ್ತಾರೋ ಆ ಕಡೆ ಕುರ್ಚಿ.

ಆ ಮೂವತ್ತೊಂದರಲ್ಲಿ ಒಬ್ಬರು ನನ್ನ ಗೆಳೆಯರು. ಇನ್ಸ್ಟ್ರುಮೆಂಟ್ ಟೆಕ್ನಿಷಿಯನ್, ಉಡುಪಿಯ ಕಡೆಯವರು. ಎಂಟು ವರ್ಷ ಬೆಳಿಗ್ಗೆ ಐದೂವರೆಯ ಕಂಪನಿ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಅವರದ್ದು. ಮೊದಲು ಹತ್ತಿದವರು ಇನ್ನೊಬ್ಬರಿಗೆ ಜಾಗ ಹಿಡಿದಿಡುವುದು ನಮ್ಮ ನಿಯಮ. ಅವರ ಹೆಂಡತಿ ಮಕ್ಕಳು ಊರಿನಲ್ಲಿ. ಎರಡು ವಾರಕ್ಕೊಮ್ಮೆ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು, ಬಂದರೆ ನನ್ನ ಹೆಂಡತಿಯ ಮಿಕ್ಸಿ, ಇಸ್ತ್ರಿಪೆಟ್ಟಿಗೆ ಏನು ಕೆಟ್ಟಿದ್ದರೂ ರಿಪೇರಿ ಮಾಡಿಕೊಟ್ಟೇ ಹೋಗುತ್ತಿದ್ದರು. ನನ್ನ ಅರ್ಜಿಗೆ ಸೂಚಕರಾಗಿ ಸಹಿ ಹಾಕಿದವರೂ ಅವರೇ.

"ಅಲ್ ಖೋರಿನ ಚಿಂತೆ ನಿಮಗೆ ಬೇಡ ಮಾರಾಯ್ರೆ. ಅದು ನನಗೆ ಬಿಡಿ" ಅಂದರು ಸಹಿ ಹಾಕಿದ ದಿನ.

ಇನ್ನೊಬ್ಬ ಆಗಿದ್ದರೆ ಇದನ್ನು ಕೇಳಿ ನೆಮ್ಮದಿಯಾಗಿ ಮಲಗುತ್ತಿದ್ದ. ನನ್ನ ತಲೆಗೆ ಅವತ್ತೇ ಹುಳ ಹೊಕ್ಕಿತು. ನನಗೆ ಬಿಡಿ ಅಂದರೆ ಏನು ಅರ್ಥ? ನಾನು ಅಲ್ಲಿಗೆ ಹೋಗಿ ಓಟು ಕೇಳಬಾರದು ಅಂತಲೇ? ಬಸ್ಸಿನಲ್ಲಿ ಅವರಿಗೆ ಫೋನು ಜಾಸ್ತಿ ಬರತೊಡಗಿತು. ಎಲ್ಲ ತುಳುವಿನಲ್ಲಿ. ಎಂಟು ವರ್ಷ ಪಕ್ಕದಲ್ಲಿ ಕೂತು ನಾನು ಆ ಭಾಷೆಯಲ್ಲಿ ಊಟ ಆಯಿತಾ ಅನ್ನುವುದಕ್ಕಿಂತ ಹೆಚ್ಚು ಕಲಿತಿರಲಿಲ್ಲ. ಅವರು ನಗುವುದು, ಕಿಟಕಿಯ ಕಡೆ ತಿರುಗಿ ದನಿ ತಗ್ಗಿಸುವುದು, ನಡುವೆ ಒಮ್ಮೆ ನನ್ನ ಹೆಸರು ಬರುವುದು, ಇಷ್ಟೇ ನನಗೆ ಸಿಗುತ್ತಿದ್ದದ್ದು.

"ಯಾರ್ರೀ ಅದು, ಇಷ್ಟು ಬೆಳಿಗ್ಗೆ?" ಅಂತ ಒಮ್ಮೆ ಕೇಳಿದೆ.

"ನಮ್ಮ ಹುಡುಗ್ರು. ಎಂತ ಇಲ್ಲ, ಸುಮ್ನೆ."

ಸುಮ್ಮನೆ ಯಾರಾದರೂ ಬೆಳಿಗ್ಗೆ ಐದೂಮುಕ್ಕಾಲಿಗೆ ಫೋನು ಮಾಡುತ್ತಾರೆಯೇ?

ಚುನಾವಣೆಗೆ ಆರು ದಿನ ಇರುವಾಗ ಹೆಂಡತಿಯ ಜೊತೆ ಮದೀನತ್ ಖಲೀಫಾದ ಒಂದು ಅಂಗಡಿಗೆ ಹೋಗಿದ್ದೆ. ಸೊಪ್ಪು ಆರಿಸುತ್ತಿದ್ದವಳನ್ನು ಬಿಟ್ಟು ಹೊರಗೆ ಬಂದು ನಿಂತರೆ, ರಸ್ತೆಯ ಆಚೆ ಬದಿ ನನ್ನ ಎದುರಾಳಿಯ ಬಿಳಿ ಕಾರು ಬಂದು ನಿಂತಿತು. ಅದರ ಮುಂದಿನ ಬಾಗಿಲು ತೆಗೆದು ಇಳಿದವರು ನನ್ನ ಸೂಚಕರು. ಇಳಿದು ಕಿಟಕಿಯೊಳಗೆ ಬಗ್ಗಿ ಅವರ ಎರಡೂ ಕೈ ಹಿಡಿದುಕೊಂಡು ಏನೋ ಹೇಳಿದರು. ಎದುರಾಳಿ ಇವರ ಭುಜ ತಟ್ಟಿದರು. ಕಾರು ಹೋಯಿತು. ನಾನು ತರಕಾರಿ ಕ್ರೇಟುಗಳ ಹಿಂದೆ ಸರಿದು ನಿಂತೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡಳು.

"ನಾಳೆ ಬಸ್ಸಲ್ಲಿ ಕೇಳಿ. ಎಂಟು ವರ್ಷದ ಸ್ನೇಹ, ಒಂದು ಮಾತು ಕೇಳೋಕೆ ಏನು?"

"ಕೇಳಿದ್ರೆ ನಿಜ ಹೇಳ್ತಾರಾ?"

"ನಿಮಗೆ ಯಾರ ಮೇಲೆ ನಂಬಿಕೆ ಇದೆ ಹೇಳಿ ನೋಡೋಣ. ನಾನು ಕುಕ್ಕರ್ ಮೂರು ಸಲ ಕೂಗ್ತು ಅಂದ್ರೂ ಬಂದು ಮುಚ್ಚಳ ನೋಡ್ತೀರಿ."

ನಾನು ಕೇಳಲಿಲ್ಲ. ಮರುದಿನ ಬಸ್ಸಿನಲ್ಲಿ ಅವರು ಎಂದಿನಂತೆ ಜಾಗ ಹಿಡಿದಿಟ್ಟಿದ್ದರು. ನಿನ್ನೆ ಎಲ್ಲಿ ಹೋಗಿದ್ದರೆಂದು ತಾವಾಗಿಯೇ ಹೇಳುತ್ತಾರೇನೋ ಎಂದು ನಮ್ಮ ಪ್ಲಾಂಟ್ ಇದ್ದ ರಾಸ್ ಲಫಾನಿನ ಗೇಟಿನವರೆಗೂ ಕಾದೆ. ಹೇಳಲಿಲ್ಲ. ಆ ಕ್ಷಣಕ್ಕೆ ಮೂವತ್ತೊಂದು ಓಟುಗಳೂ ನನ್ನ ಪಾಲಿಗೆ ಸತ್ತವು.

ಆಮೇಲೆ ನಾನು ಮಾಡಿದ್ದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಸಭೆ ಇದ್ದದ್ದು ಶುಕ್ರವಾರ ಸಂಜೆ ಐದಕ್ಕೆ, ದೋಹಾದ ಒಂದು ಸಭಾಂಗಣದಲ್ಲಿ. ಅಲ್ ಖೋರಿನ ಬ್ಯಾಚುಲರುಗಳಿಗೆ ಕಾರಿಲ್ಲ. ವಾರಕ್ಕೊಮ್ಮೆ, ಶುಕ್ರವಾರ ಮಧ್ಯಾಹ್ನ ಮೂರಕ್ಕೆ, ಅವರನ್ನು ಶಾಪಿಂಗಿಗೆಂದು ದೋಹಾಕ್ಕೆ ಕರೆದೊಯ್ಯಲು ಕಂಪನಿಯ ಬಸ್ಸು ಹೊರಡುತ್ತಿತ್ತು. ಬೆಳಿಗ್ಗೆ ಯಾವ ಬಸ್ಸೂ ಇಲ್ಲ. ಚುನಾವಣೆ ನಡೆಸಲು ಒಪ್ಪಿಕೊಂಡಿದ್ದವರು ನಮ್ಮ ಕಡೆಯ ಒಬ್ಬ ವಯಸ್ಸಾದ ಇಂಜಿನಿಯರು. ಅವರಿಗೆ ಫೋನು ಮಾಡಿದೆ.

"ಸರ್, ಸಂಜೆ ಇಟ್ಟರೆ ಮಕ್ಕಳು ಮರಿ ಅಂತ ಫ್ಯಾಮಿಲಿಯವರಿಗೆ ತೊಂದರೆ. ಬೆಳಿಗ್ಗೆ ಹತ್ತಕ್ಕೆ ಇಟ್ಟು ನಮಾಜಿನ ಹೊತ್ತಿಗೆ ಮುಗಿಸಿಬಿಟ್ಟರೆ? ನಾನು ಹೇಳಿದೆ ಅಂತ ಬೇಡ. ಕ್ಯಾಂಡಿಡೇಟು ಹೇಳಿದ ಅಂದ್ರೆ ಚೆನ್ನಾಗಿರಲ್ಲ."

"ಅದೂ ಸರಿ" ಅಂದರು ಆ ಪುಣ್ಯಾತ್ಮರು. ಎದುರಾಳಿಯನ್ನು ಕೇಳಿದರು, ಅವರೂ ಸರಿ ಅಂದರಂತೆ. ಬುಧವಾರ ಎಲ್ಲರ ಮೊಬೈಲಿಗೂ ಮೆಸೇಜು ಹೋಯಿತು. ಅರ್ಧ ಗಂಟೆಯಲ್ಲಿ ನನ್ನ ಗೆಳೆಯರ ಫೋನು.

"ಟೈಮ್ ಬದ್ಲಾಯ್ಸಿದ್ದಾರಲ್ಲ ಮಾರಾಯ್ರೆ. ಬೆಳಿಗ್ಗೆ ನಮ್ಗೆ ಬಸ್ಸಿಲ್ಲ, ಗೊತ್ತುಂಟಲ್ಲ ನಿಮ್ಗೆ? ಸ್ವಲ್ಪ ಮಾತಾಡಿ ಅವರತ್ರ."

"ನನ್ನ ಕೈಲಿ ಏನಿದೆ? ನಾನೇ ಕ್ಯಾಂಡಿಡೇಟು. ರೂಲ್ಸ್ ಪ್ರಕಾರ ನಾನು ಬಾಯಿ ಹಾಕೋ ಹಾಗಿಲ್ಲ."

"ಹೌದಲ್ಲ" ಅಂದರು. "ಆಯ್ತು, ನಾನು ಎಂತಾದ್ರು ಮಾಡ್ತೇನೆ."

ಮಾಡು ನೋಡೋಣ ಅಂದುಕೊಂಡೆ. ಅಷ್ಟು ಖುಷಿ ನನಗೆ ಬಹಳ ದಿನದಿಂದ ಆಗಿರಲಿಲ್ಲ.

ಶುಕ್ರವಾರ ಒಂಬತ್ತಕ್ಕೆ ನಾನೂ ಹೆಂಡತಿಯೂ ಹೊರಟೆವು. ದೊಡ್ಡ ರಸ್ತೆ ಸೇರುವ ವೃತ್ತದ ಹತ್ತಿರ ಗುಂಪಾಗಿ ಜನ ನಿಂತಿದ್ದರು. ಎಲ್ಲರೂ ಇಸ್ತ್ರಿ ಮಾಡಿದ ಪೂರ್ತಿ ತೋಳಿನ ಅಂಗಿ ಹಾಕಿಕೊಂಡು, ತಲೆಗೆ ನೀರು ಹಚ್ಚಿ ಬಾಚಿಕೊಂಡಿದ್ದರು. ನನ್ನ ಗೆಳೆಯರು ನಮಗೆ ಬೆನ್ನು ಹಾಕಿ, ಬರುವ ವಾಹನಗಳಿಗೆಲ್ಲ ಕೈ ಅಡ್ಡ ಮಾಡುತ್ತಿದ್ದರು. ಶುಕ್ರವಾರ ಬೆಳಿಗ್ಗೆ ಅಲ್ ಖೋರಿನಲ್ಲಿ ಟ್ಯಾಕ್ಸಿ ಸಿಗುವುದು ಎಲ್ಲಿಂದ ಬಂತು?

"ನಿಲ್ಸಿ. ಹಿಂದೆ ಮೂರು ಜನಕ್ಕೆ ಜಾಗ ಇದೆ" ಅಂದಳು ಹೆಂಡತಿ.

"ಲೇಟಾಗುತ್ತೆ" ಅಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ತಿರುಗಿ ಹಿಂದಿನ ಖಾಲಿ ಸೀಟು ನೋಡಿದಳು.

ಸಭಾಂಗಣದ ಬಾಗಿಲಲ್ಲೇ ನಿಂತುಬಿಟ್ಟೆ. ತುಂಬಿ ತುಳುಕುತ್ತಿತ್ತು, ತುಂಬಿದವರು ಅಂಗಡಿ ಹೋಟೆಲಿನವರು. ಶುಕ್ರವಾರ ಬೆಳಿಗ್ಗೆ ಜುಮಾ ನಮಾಜು ಮುಗಿಯುವ ತನಕ ಅಲ್ಲಿ ಅಂಗಡಿಗಳ ಬಾಗಿಲು ಮುಚ್ಚಿರುತ್ತದೆ, ಸಂಜೆಯೇ ಅವರ ಭರ್ಜರಿ ವ್ಯಾಪಾರ. ಸಂಜೆ ಐದಕ್ಕೆ ಇಟ್ಟಿದ್ದರೆ ಗಲ್ಲಾಪೆಟ್ಟಿಗೆ ಬಿಟ್ಟು ಅರ್ಧ ಜನವೂ ಬರುತ್ತಿರಲಿಲ್ಲ. ಹನ್ನೊಂದು ವರ್ಷ ಆ ಊರಿನಲ್ಲಿದ್ದು, ಪ್ರತಿ ಶುಕ್ರವಾರ ಬೆಳಿಗ್ಗೆ ಮುಚ್ಚಿದ ಅಂಗಡಿಯ ಮುಂದೆ ನಿಂತು ಬೈದುಕೊಂಡವನು ನಾನು. ಸಂಬಳದವನಿಗೆ ಅಂಗಡಿಯವನ ಗಡಿಯಾರ ಹೊಳೆಯಲಿಲ್ಲ. ನಾನು ತೋಡಿದ ಹಳ್ಳಕ್ಕೆ ನಾನೇ ಬೀಳುವ ಸೂಚನೆ ಕಾಣುತ್ತಿತ್ತು. ಆದರೂ ಅಲ್ ಖೋರಿನ ಮೂವತ್ತೊಂದು ತಪ್ಪಿತಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಹನ್ನೊಂದು ಗಂಟೆಯ ಹೊತ್ತಿಗೆ ನನ್ನ ಗೆಳೆಯರು ಇನ್ನು ಮೂವರ ಜೊತೆ ಬೆವರಿಕೊಂಡು ಬಂದರು. ಸಿಕ್ಕಿದ್ದು ಒಂದೇ ಕಾರಂತೆ. ಚೀಟಿ ಹಾಕಿ, ದೂರದಿಂದಲೇ ನನಗೆ ಹೆಬ್ಬೆರಳು ಎತ್ತಿ ತೋರಿಸಿದರು. ಎಂಥ ನಾಟಕಕಾರ ಅಂದುಕೊಂಡೆ.

ಹದಿನಾಲ್ಕು ಓಟಿನಿಂದ ಸೋತೆ.

ಗೆದ್ದವರು ಹಾರ ಹಾಕಿಕೊಂಡೇ ಉಪ್ಪಿಟ್ಟಿನ ತಟ್ಟೆ ಹಿಡಿದು ನೇರ ನನ್ನ ಹತ್ತಿರ ಬಂದರು. ನನ್ನನ್ನು ಆಡಿಕೊಳ್ಳಲು ಬಂದಿರಬೇಕು ಅನ್ನಿಸಿತು.

"ಬೇಜಾರು ಮಾಡ್ಬೇಡಿ. ಅಲ್ ಖೋರಿನವರು ಬಂದಿದ್ರೆ ಈ ಹಾರ ನಿಮ್ಮ ಕುತ್ತಿಗೆಯಲ್ಲಿ ಇರ್ತಿತ್ತು. ಅವರೆಲ್ಲ ನಿಮಗೇ ಅಂತ ನನಗೆ ಮೊದ್ಲೇ ಗೊತ್ತಿತ್ತು" ಅಂದರು.

"ಯಾರು ಹೇಳಿದ್ರು?"

"ನಿಮ್ಮ ದೋಸ್ತಿಯೇ. ಅವ ಗಲ್ಫಿಗೆ ಬಂದದ್ದು ನನ್ನ ವೀಸಾದಲ್ಲಿ, ಗೊತ್ತುಂಟಾ? ಎರಡು ವರ್ಷ ನನ್ನ ಅಂಗಡಿಯಲ್ಲಿದ್ದ, ನಮ್ಮ ಮನೆಯಲ್ಲೇ ಊಟ. ಹೋದ ವಾರ ಮನೆಗೆ ಬಂದು ಹೇಳಿದ, ಅಣ್ಣ, ಉಪ್ಪು ತಿಂದ ಮನೆಗೆ ಹಿಂದಿನಿಂದ ಎದುರು ಹೋಗ್ಬಾರ್ದು, ಅದಕ್ಕೆ ಮುಖ ನೋಡಿ ಹೇಳ್ತಾ ಇದ್ದೇನೆ, ಈ ಸಲ ನಾನೂ ನನ್ನ ಹುಡುಗ್ರೂ ಅವರಿಗೆ ಹಾಕ್ತೇವೆ, ಆಶೀರ್ವಾದ ಮಾಡಿ ಅಂತ. ಕಣ್ಣಲ್ಲಿ ನೀರು ಅವನಿಗೆ. ನಾನೇ ಟ್ಯಾಕ್ಸಿ ಸಿಗುವಲ್ಲಿಗೆ ಬಿಟ್ಟು ಬಂದೆ. ಅಂಥ ಜನ ಸಿಗುದಿಲ್ಲ ಮಾರಾಯ್ರೆ, ಇಟ್ಕೊಳ್ಳಿ."

ಅವರ ತಟ್ಟೆಯಲ್ಲಿ ಕೇಸರಿಬಾತು ಇತ್ತು. ನಾನು ಅದನ್ನೇ ನೋಡುತ್ತಾ ನಿಂತೆ. ನಾಚಿಕೆಯಾಯಿತು, ಅಳು ಬಂತು, ಎರಡನ್ನೂ ತೋರಿಸಿಕೊಳ್ಳಲಿಲ್ಲ. ಕಂಗ್ರಾಜುಲೇಷನ್ ಅಂದೆ.

ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ. ಎಲ್ಲ ಹೇಳಿಬಿಡಬೇಕು ಎಂದು ನಿರ್ಧರಿಸಿಕೊಂಡೇ ಹತ್ತಿದ್ದೆ. ಗೆಳೆಯರ ಮುಖ ಕಪ್ಪಿಟ್ಟಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರು ಶುರು ಮಾಡಿದರು.

"ಎರಡು ದಿನದಿಂದ ಯೋಚನೆ ಮಾಡಿದೆ. ಟೈಮ್ ಬದ್ಲಾಯ್ಸಿದ್ದು ಅವರೇ."

"ಯಾರು?"

"ಇನ್ಯಾರು, ಗೆದ್ದವರು. ನಾನು ಅವರ ಮನೆಗೇ ಹೋಗಿ ಹೇಳಿದೆ ನೋಡಿ, ನಮ್ಮ ಓಟೆಲ್ಲ ಅವರಿಗಲ್ಲ, ನಿಮ್ಗೆ ಅಂತ. ನನ್ನದೇ ತಪ್ಪು. ಹೇಳಿ ಬಂದ ವಾರದಲ್ಲೇ ಟೈಮ್ ಬೆಳಿಗ್ಗೆಗೆ ಹೋಯ್ತು. ನಮ್ಗೆ ಬಸ್ಸಿಲ್ಲ, ಅವರ ಅಂಗಡಿಯವರಿಗೆಲ್ಲ ರಜೆ. ಸಣ್ಣ ಮಕ್ಕಳಿಗೂ ಗೊತ್ತಾಗ್ತದೆ. ಇಪ್ಪತ್ತೇಳು ಜನ ಹತ್ತೂವರೆ ತನಕ ಬಿಸಿಲಲ್ಲಿ ನಿಂತು ವಾಪಸ್ ಹೋದ್ರು. ಅವರನ್ನು ನಾನು ಅಣ್ಣ ಅಂತ ಕರೀತಿದ್ದೆ. ಇನ್ನು ಆ ಮನೆಯ ಮೆಟ್ಲು ಹತ್ತುದಿಲ್ಲ. ಫೋನೂ ಇಲ್ಲ. ಖಲಾಸ್."

ಅನುಮಾನಪಡುವುದು ನನ್ನ ಜಾಯಮಾನ. ಅವರದ್ದಲ್ಲ. ಎಂಟು ವರ್ಷದಲ್ಲಿ ಅವರು ಯಾರ ಮೇಲೂ ಒಂದು ಕೆಟ್ಟ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. ಗೇಟು ಬರಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಹೇಳಬೇಕಾದದ್ದು ಎರಡೇ ಎರಡು ಪದ, "ಅದು ನಾನು." ಹೇಳಿದರೆ ಈ ಸೀಟು ಹೋಗುತ್ತದೆ, ಎರಡು ವಾರಕ್ಕೊಮ್ಮೆ ಮನೆಗೆ ಬರುವ ಒಬ್ಬರೇ ಒಬ್ಬರೂ ಹೋಗುತ್ತಾರೆ. ಕುರ್ಚಿ ಹೇಗೂ ಹೋಗಿತ್ತು.

"ಬಿಡಿ, ಆದದ್ದು ಆಯ್ತು. ಮನಸ್ಸಿಗೆ ಹಚ್ಕೋಬೇಡಿ" ಅಂದೆ.

"ನೀವು ದೊಡ್ಡ ಮನಸ್ಸಿನವರು ಮಾರಾಯ್ರೆ. ನನ್ಗೆ ಅದು ಬರುದಿಲ್ಲ" ಅಂದರು.

ಅವರು ಮಾತು ಉಳಿಸಿಕೊಂಡರು. ಸಂಘದ ಕಾರ್ಯಕ್ರಮಕ್ಕೆ ಬರುವುದನ್ನು ಬಿಟ್ಟರು, ಅಲ್ ಖೋರಿನ ಹುಡುಗರೂ ಬಿಟ್ಟರು. ಮುಂದಿನ ವರ್ಷ ಅಧ್ಯಕ್ಷರ ಮಗಳ ಮದುವೆ ಮಂಗಳೂರಿನಲ್ಲಾಯಿತು. ಅದೇ ವಾರ ರಜೆಯ ಮೇಲೆ ಊರಿನಲ್ಲೇ ಇದ್ದ ನನ್ನ ಗೆಳೆಯರು, ತಾವು ಎತ್ತಿ ಆಡಿಸಿದ ಹುಡುಗಿಯ ಮದುವೆಗೆ ಹೋಗಲಿಲ್ಲ.

ಮದುವೆ ಮುಗಿಸಿ ಬಂದ ಮೇಲೆ ಅಧ್ಯಕ್ಷರು ಒಂದು ಸಂಜೆ ನನಗೆ ಫೋನು ಮಾಡಿದರು. ಮದುವೆಯ ಸುದ್ದಿ ಹೇಳಿದರು, ಆಮೇಲೆ ಕೇಳಿದರು.

"ನೀವು ದಿನಾ ಅವನ ಪಕ್ಕದಲ್ಲಿ ಕೂರುವವರು, ಅದಕ್ಕೆ ಕೇಳ್ತೇನೆ. ಅವ ನನ್ನ ಫೋನು ತೆಗೆಯುದಿಲ್ಲ. ನನ್ನಿಂದ ಎಂತ ತಪ್ಪಾಯ್ತು ಅಂತ ನಿಮಗೇನಾದ್ರೂ ಗೊತ್ತುಂಟಾ?"

"ಇಲ್ಲ ಸರ್. ನನಗೆ ಗೊತ್ತಿಲ್ಲ" ಅಂದೆ.