ದೊಡ್ಡಗಂಗಮ್ಮನ ಜರಡಿಗೆ ಯಾರ ಮೇಲೂ ನಂಬಿಕೆಯಿಲ್ಲ

ಬೆಳಗಿನ ಆರೂವರೆ. ಆವನಿಯಿಂದಾಚೆ, ಪಾಲಾರಿಗೆ ಸೇರುವ ಹಳ್ಳದ ದಂಡೆ. ಇಬ್ಬನಿಗೆ ನೆನೆದ ಟಾರ್ಪಾಲು ಸರಿಸಿದ ದೊಡ್ಡಗಂಗಮ್ಮ ಮೊದಲು ಕೈಬಳೆ ಕಳಚುತ್ತಾರೆ. ಆಮೇಲೆ ಕೊರಳಿನ ಕರಿಮಣಿ ಸರವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕುಪ್ಪಸದೊಳಗೆ ಸೇರಿಸುತ್ತಾರೆ. ಇಲ್ಲಿ ಜರಡಿ ಹಿಡಿಯುವ ಹೆಂಗಸರೆಲ್ಲರ ಕಟ್ಟಲೆ ಇದು. ಇವತ್ತಿನ ಮಣಿಯೊಂದು ಉದುರಿ ನಾಲ್ಕು ಸಾವಿರ ವರ್ಷ ಹಳೆಯ ಮಣ್ಣಿಗೆ ಬಿದ್ದರೆ ಏನು ಗತಿ?

"ಓದಿದೋರ್ನ ಮಣ್ಣು ಬೇಗ ಯಾಮಾರಿಸುತ್ತೆ," ಎನ್ನುತ್ತಾರೆ ಅವರು.

ಈ ದಿಬ್ಬವನ್ನು ವಿಶ್ವವಿದ್ಯಾಲಯದ ತಂಡವೊಂದು ಎರಡು ವರ್ಷದಿಂದ ಅಗೆಯುತ್ತಿದೆ. ಹೊಳೆಯ ಬದಿಯಲ್ಲಿ ಮೊದಮೊದಲು ನೆಲೆ ನಿಂತವರು ಏನು ತಿಂದರು, ಎಷ್ಟು ದೂರದವರೊಡನೆ ವ್ಯಾಪಾರ ಮಾಡಿದರು ಎಂದು ತಿಳಿಯಲು ಪದರ ಪದರವಾಗಿ ಕೆಳಗಿಳಿಯುತ್ತಾರೆ. ಅಗೆದ ಮಣ್ಣು, ದಿನಕ್ಕೆ ಸುಮಾರು ನೂರಿಪ್ಪತ್ತು ಬಾಂಡಲಿ, ಐವತ್ತೆರಡು ವರ್ಷದ ಈ ಹೆಂಗಸಿನ ಜರಡಿ ದಾಟಬೇಕು.

ಇದಕ್ಕೆ ಮೊದಲು ಅವರು ಶ್ರೀನಿವಾಸಪುರದ ಮಂಡಿಯಲ್ಲಿ ಮಾವು ಆರಿಸುತ್ತಿದ್ದರು. ಮೇಲೆ ಚಿನ್ನದಂಥ ಹಣ್ಣು, ತಳದಲ್ಲಿ ಕೊಳೆತದ್ದು. ಅನುಮಾನಪಡುವುದನ್ನು ಅಲ್ಲಿ ಕಲಿತರು. ಅನುಮಾನಕ್ಕೆ ಗುರಿಯಾಗುವುದನ್ನು ಮದುವೆಯಾದ ವರ್ಷವೇ ಕಲಿತಿದ್ದರು. ತವರಿಗೆ ಹೊರಟಾಗಲೆಲ್ಲ ರಾಗಿ ಸಾಗಿಸುತ್ತಿದ್ದಾಳೇನೋ ಎಂದು ಅತ್ತೆ ಮಡಿಲು ತಡವುತ್ತಿದ್ದರು. ಈಗ ಮೇಲ್ವಿಚಾರಕ ಮುರಳಿಮೋಹನ್ ಸಂಜೆ ಹೊರಡುವಾಗ ಹೆಂಗಸರ ಊಟದ ಡಬ್ಬಿ ತೆರೆಸಿ ನೋಡುತ್ತಾರೆ. ಗಂಡಸರದ್ದು ತೆರೆಸುವುದಿಲ್ಲ.

"ಅತ್ತೆ ಸತ್ತು ಹದಿನೈದು ವರ್ಷ ಆಯ್ತು. ಆ ಕೈ ಮಾತ್ರ ಸಾಯ್ಲಿಲ್ಲ ನೋಡಿ."

ಕಳೆದ ಜನವರಿಯಲ್ಲಿ ನಾಲ್ಕನೇ ಪದರದ ಬೂದಿಮಣ್ಣು ಜರಡಿ ಹಿಡಿಯುವಾಗ ಕೆಂಪು ಕಲ್ಲಿನ ಮಣಿಯೊಂದು ಸಿಕ್ಕಿತು. ಸಂಶೋಧನಾ ವಿದ್ಯಾರ್ಥಿನಿ ಶಿವಾನಿ ಕುಣಿದಾಡಿದಳು. ಸಿಂಧೂ ಕಣಿವೆಯ ಪಟ್ಟಣಗಳಲ್ಲಿ ಸಿಗುವಂಥ ಮಣಿ ಇಲ್ಲಿ, ಅದೂ ಅಷ್ಟು ಹಳೆಯ ಪದರದಲ್ಲಿ!

ಮಡಕೆ ಚೂರು ತೊಳೆಯುತ್ತಿದ್ದ ಬಷೀರಾ ಕಣ್ಣು ಹೊಡೆದರು. "ಇನ್ನೊಂದು ವರ್ಷ ಕೆಲಸ ಗ್ಯಾರಂಟಿ ಅಕ್ಕ!"

ದೊಡ್ಡಗಂಗಮ್ಮ ಮಾತ್ರ ಮಣಿಯನ್ನು ಬೆಳಕಿಗೆ ಹಿಡಿದರು. ಪೊರಕೆಕಡ್ಡಿ ಮುರಿದು ಮಣಿಯ ತೂತಿಗೆ ತೂರಿಸಿ ಅಂಗೈ ಮೇಲೆ ಕೊಡವಿದರು. ಉದುರಿದ್ದು ಕೆಮ್ಮಣ್ಣು.

"ಬರ್ಕೋಬೇಡ ಕಣಮ್ಮ. ಗುಂಡಿ ಮಣ್ಣು ಬೂದಿ. ಇದರ ಹೊಟ್ಟೇಲಿರೋದು ಬೇರೆ."

"ಥೂ, ನಿನ್ ಅನುಮಾನಕ್ಕಿಷ್ಟು!" ಬಷೀರಾ ಹಲ್ಲು ಕಡಿದರು. "ಬಾಯ್ ಮುಚ್ಕೊಂಡಿರೋಕೆ ಏನಾಗಿತ್ತು?"

ಮುರಳಿಮೋಹನ್ ಮುಖ ಗಂಟಾಯಿತು. "ಕೆಲಸ ನಿಲ್ಬಾರ್ದು ಅಂತ ನೀವೇ ಯಾರೋ ಹಾಕಿದ್ದೀರಾ, ಅಲ್ವಾ?"

"ಹಾಕೋ ಹಾಗಿದ್ರೆ ಬೂದಿ ತುಂಬಿ ಹಾಕ್ತಿದ್ದೆ ಸಾರ್. ಮೋಸ ಮಾಡೋಕೂ ಮಣ್ಣು ಗೊತ್ತಿರ್ಬೇಕು."

ಶಿವಾನಿ ಗುಂಡಿಗಿಳಿದು ಗೋಡೆಯನ್ನು ಕರಣೆಯಿಂದ ಕೆರೆದಳು. ಬೂದಿಯ ನಡುವೆ ಮೊಣಕೈ ದಪ್ಪದ ಕೆಂಪು ಪಟ್ಟೆ, ಮೇಲಿನ ಪದರದಿಂದ ಇಳಿದುಬಂದ ಹಳೆಯ ಹೆಗ್ಗಣದ ಬಿಲ. ಮಣಿ ಅದರೊಳಗೆ ಜಾರಿತ್ತು. ಅದರ ವಯಸ್ಸಿನಲ್ಲಿ ಒಂದೂವರೆ ಸಾವಿರ ವರ್ಷ ಇಳಿದುಹೋಯಿತು.

ಮಣಿಯ ಪೊಟ್ಟಣದ ಮೇಲಿನ ಚೀಟಿಯಲ್ಲಿ ಗುಂಡಿ, ಪದರ, ಆಳ, ತಾರೀಖು ಇವೆ. ಜರಡಿ ಹಿಡಿದವರ ಹೆಸರಿಗೆ ಜಾಗವಿಲ್ಲ. ಮುಂದಿನ ವರ್ಷ ಅಗೆತ ಇರುತ್ತದೋ ಇಲ್ಲವೋ, ಯಾರೂ ಹೇಳುತ್ತಿಲ್ಲ.

"ಹೆಸರು ಬೇಡ ಬಿಡಿ," ಎನ್ನುತ್ತಾರೆ ದೊಡ್ಡಗಂಗಮ್ಮ. "ಡಬ್ಬಿ ತೆಗೆಸೋದು ನಿಂತ್ರೆ ಸಾಕು ಅಂದ್ಕೊಂಡಿದ್ದೆ."

ನಿಂತಿದೆ. ಅಂದಿನಿಂದ ಅವರೊಬ್ಬರನ್ನು ಮಾತ್ರ ಮುರಳಿಮೋಹನ್ ಡಬ್ಬಿ ತೆರೆಸದೆ ಕೈಸನ್ನೆ ಮಾಡಿ ಕಳಿಸುತ್ತಾರೆ. ಇವತ್ತು ಸಂಜೆಯೂ, "ನೀವು ಹೋಗಮ್ಮ," ಎಂದರು. ದೊಡ್ಡಗಂಗಮ್ಮ ಹೋಗಲಿಲ್ಲ. ಬಷೀರಾರ ಹಿಂದೆ ಸಾಲಿನಲ್ಲಿ ನಿಂತು, ಸರದಿ ಬಂದಾಗ ಮುಚ್ಚಳ ತಾವೇ ತೆಗೆದು, ಖಾಲಿ ಡಬ್ಬಿಯನ್ನು ಮುರಳಿಮೋಹನ್ ಮೂಗಿನ ಕೆಳಗೆ ಹಿಡಿದರು.

"ಸರಿಯಾಗಿ ನೋಡ್ಬಿಡಿ ಸಾರ್. ನೋಡ್ದೆ ನಂಬೋ ಕೆಲಸ ನಮ್ದಲ್ಲ."