ಬುರಾಮಾ ಕಾಂತೆಯ ಕಿವಿ

ಬುರಾಮಾ ಕಾಂತೆಯ ಮುತ್ತಜ್ಜ ಗಾಂಬಿಯಾ ನದಿಯ ದಂಡೆಯಲ್ಲಿ ರಾಜನಿಗೆ ಕತ್ತಿ ಬಡಿದುಕೊಟ್ಟ ಕಮ್ಮಾರ. ಅಜ್ಜ ಸೀಮೆಯ ಕಡಲೆಕಾಯಿ ಹೊಲಗಳಿಗೆಲ್ಲ ಗುದ್ದಲಿ ಬಡಿದವನು. ಅಪ್ಪ, ಮತದ ಪೀಪಾಯಿಯೊಳಗಿನ ಗಂಟೆಗೆ ನಾದವೇ ಇಲ್ಲವೆಂದು ಅಧಿಕಾರಿಗೇ ಬೈದವನು. ಬುರಾಮಾನ ಪಾಲಿಗೆ ಉಳಿದದ್ದು ಕಿವಿ. ನಮ್ಮಲ್ಲಿ ಮತವೆಂದರೆ ಒಂದು ಗೋಲಿ. ಮೆಚ್ಚಿದವನ ಬಣ್ಣದ ಪೀಪಾಯಿಗೆ ಹಾಕಿದರೆ ಒಳಗೆ ಗಂಟೆ ಟಿಣ್ ಎನ್ನುತ್ತದೆ. ಪ್ರತಿ ಚುನಾವಣೆಯಲ್ಲೂ ಆತ ಮತಗಟ್ಟೆಯಾದ ಶಾಲೆಯ ಬೇಲಿಗೆ ಒರಗಿ, ಟಿಣ್ಣಿಗೊಂದರಂತೆ ಕಡಲೆಬೀಜವನ್ನು ಡಬ್ಬಿಗೆ ಹಾಕುತ್ತಾನೆ. ಸೈಕಲ್ ಗಂಟೆ ಬಾರಿಸಿದವನನ್ನು, "ಇಳಿಯೋ ಕಳ್ಳ, ಎಷ್ಟು ಸಲ ಮತ ಹಾಕ್ತೀಯ?" ಎಂದು ಗದರುತ್ತಾನೆ. ಈ ಸಲ ಡಬ್ಬಿಯಲ್ಲಿ ನಾನ್ನೂರ ಹತ್ತು ಬೀಜ. ಆ ಮತಗಟ್ಟೆಯಲ್ಲಿ ಅಧಿಕಾರಿಗಳ ಲೆಕ್ಕ ನಾನ್ನೂರ ಹದಿಮೂರು. "ಸರಿಯಾಗೇ ಇದೆ, ಮೂರನ್ನ ಆಡು ತಿಂತು," ಎಂದು ದೊಡ್ಡ ಮನಸ್ಸು ಮಾಡಿ ಫಲಿತಾಂಶಕ್ಕೆ ಒಪ್ಪಿಗೆ ಕೊಟ್ಟ. ಸೋತ ದೇಶದ ಅಧ್ಯಕ್ಷರು ಮಾತ್ರ ಕೊಡಲಿಲ್ಲ. ಎಣಿಕೆಯೇ ತಪ್ಪು, ಕುರ್ಚಿ ಬಿಡೆನೆಂದು ರೇಡಿಯೋದಲ್ಲಿ ಗುಡುಗಿದರು. ರಸ್ತೆಗೆ ಸೈನಿಕರು ಬಂದರು. ಊರು ಗಂಟುಮೂಟೆ ಕಟ್ಟಿ ಸೆನೆಗಲ್ ಗಡಿಯತ್ತ ಹೊರಟಿತು. ಬುರಾಮಾ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಹೋಗುವವರನ್ನೆಲ್ಲ ತಡೆದು, "ಬೇಕಾದ್ರೆ ಎಣಿಸ್ಕೊಳ್ಳಿ," ಎನ್ನುತ್ತ ಕುಳಿತ. ಸೊಸೆ ತಿಡಾ ಕತ್ತೆಗಾಡಿ ನಿಲ್ಲಿಸಿ ಕೈ ಹಿಡಿದು ಎಳೆದಳು: "ಹತ್ತಿ ಮಾವ. ನಿಮ್ಮ ಬಾಯಿ ಸುಮ್ನಿರಲ್ಲ, ಹಿಡ್ಕೊಂಡು ಹೋಗ್ತಾರೆ. ಗೆದ್ದವನು ನಿಮಗೇನು ಅಣ್ಣನಾ, ತಮ್ಮನಾ?" ಬುರಾಮಾ ಕೈ ಬಿಡಿಸಿಕೊಂಡ. "ಗೆದ್ದವನಿಗೆ ನಾನೆಲ್ಲಿ ಹಾಕಿದೆ? ಐದು ಚುನಾವಣೆಯಿಂದ ನನ್ನ ಗೋಲಿ ಟಿಣ್ ಅಂದದ್ದು ಅಧ್ಯಕ್ಷರ ಪೀಪಾಯಿಯಲ್ಲೇ. ಅವರ ಜೊತೆ ನಾನೂ ಸೋತಿದ್ದೀನಿ, ಒಪ್ಕೊಂಡಿದ್ದೀನಿ. ನೀನು ಮಕ್ಕಳನ್ನ ಕರ್ಕೊಂಡು ಹೋಗು ತಾಯಿ. ಮನೆ ಖಾಲಿ ಮಾಡ್ಬೇಕಾದವರು ಅವರು, ನಾನಲ್ಲ."