ಸೊನೋಬೆಯಮ್ಮನ ಡಬ್ಬಿ

ಹೃದಯಾಘಾತವಾದ ನಮ್ಮಂಥವರಿಗೆ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ನರ್ಸ್ ಸೊನೋಬೆಯಮ್ಮನ ಚೀಲದ ತುಂಬ ಮೂಲಂಗಿ ಉಪ್ಪಿನಕಾಯಿಯ ಡಬ್ಬಿಗಳು. ಹೃದಯಕ್ಕಾಗದೆಂದು ಆಕೆ ಉಪ್ಪು ಹಾಕುವುದಿಲ್ಲ. ತಿಂದರೆ ನೆನೆದ ರಟ್ಟು ಅಗಿದಂತೆ. ಸೈಕಲ್ ತುಳಿಯುತ್ತ ಗೊಣಗುವವರ ಚಿಂತೆ ಆಕೆಗಿಲ್ಲ. "ಚೆನ್ನಾಗಿದೀನಿ" ಎಂದು ತಲೆಬಾಗಿಸಿ ಆಮೇಲೆ ಗೋಡೆ ನೋಡುತ್ತ ಕೂರುವವರನ್ನೇ ಹುಡುಕಿ ಹಿಡಿಯುತ್ತಾಳೆ. ಎದೆ ರಿಪೇರಿಯಾಗಿ ಮನಸ್ಸು ಕುಸಿದವರು ಹಾಗೆಯೇ ಕೂರುವುದು, ನಾನೂ ಕೂತಿದ್ದೆ, ನನ್ನ ಪಕ್ಕದಲ್ಲಿ ಹಿರಾತೆಯವರೂ. ಆಕೆ ನನಗೊಂದು ಡಬ್ಬಿ ಕೊಟ್ಟು ಅವರತ್ತ ತಿರುಗಿದಳು. "ತಗೊಳ್ಳಿ ಹಿರಾತೆಯವರೇ, ಡಬ್ಬಿ ಖಾಲಿ ತಂದ್ರೆ ನಿಮ್ಮ ಮನೆತನದ ಮರ್ಯಾದೆ ಹೋಗತ್ತೆ, ನೋಡಿ!" ಡಬ್ಬಿಯನ್ನು ಖಾಲಿ ಹಿಂದಿರುಗಿಸುವುದು ಜಪಾನಿನ ನಮ್ಮ ನಿಗಾಟ ಸೀಮೆಯಲ್ಲಿ ಯಾರಿಂದಲೂ ಆಗದ ಮಾತು. ಹಾಸಿಗೆ ಬಿಟ್ಟೇಳದವನೂ ನಾಲ್ಕು ಕಿತ್ತಳೆಗೆಂದು ಅಂಗಡಿಗೆ ನಡೆಯಬೇಕು, ಡಬ್ಬಿ ಕೊಡಲು ವ್ಯಾಯಾಮಕ್ಕೆ ಬರಲೇಬೇಕು. "ಥೂ, ಇಂಥಾ ದರಿದ್ರ ಉಪ್ಪಿನಕಾಯಿ ಜನ್ಮದಲ್ಲಿ ತಿಂದಿಲ್ಲ ಕಣಮ್ಮಾ" ಎಂದು ನಾನು ಬೈದ ದಿನ ಆಕೆ ಚಪ್ಪಾಳೆ ತಟ್ಟಿ ನಕ್ಕಳು. ಹಿರಾತೆಯವರ ಡಬ್ಬಿ ಮಾತ್ರ ಅವರು ತೀರಿಕೊಂಡ ಮೇಲೆ ಹೆಂಡತಿಯ ಕೈಯಲ್ಲಿ ಬಂತು. ಒಳಗೆ ಅವರೇ ಸುಲಿದು ಜೋಡಿಸಿಟ್ಟಿದ್ದ ಕಿತ್ತಳೆ ತೊಳೆಗಳು. ಮಾತ್ರೆ ನುಂಗುವುದನ್ನು ಬಿಟ್ಟಿದ್ದ ಮನುಷ್ಯ ಡಬ್ಬಿ ತುಂಬುವುದನ್ನು ಬಿಟ್ಟಿರಲಿಲ್ಲ. ಈಗಲೂ ಆಕೆ ಉಪ್ಪಿನಕಾಯಿ ಹಂಚುತ್ತಾಳೆ. ಆದರೆ ಯಾರಾದರೂ ಒಂದು ದಿನ ಬರದಿದ್ದರೆ ಅವರ ಮನೆ ಬಾಗಿಲಲ್ಲಿ ಕೋಟಿನ ಮೇಲಿನ ಹಿಮ ಕೊಡವುತ್ತ ನಿಂತಿರುತ್ತಾಳೆ. "ಡಬ್ಬಿ ಬೇಕಿತ್ತು. ಖಾಲಿ ಇದ್ರೂ ಪರವಾಗಿಲ್ಲ, ನೀವೇ ತಂದ್ಕೊಡಿ."